ಅಡಕೊತ್ತು ಕದ್ದವರು ಯಾರು?

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಎಂಟನೆಯ ಇಯತ್ತೆಯ ನಡುವೆ. ನನ್ನ ಸೋದರಮಾವ ಇಂದಿಗೂ ಓದು ಬಿಟ್ಟಿಲ್ಲ. ಓದುವುದು ಮಾತ್ರ ಬರೀ ಪತ್ತೇದಾರಿ ಕಾದಂಬರಿ. ನಮ್ಮಿಬ್ಬರಲ್ಲಿ ಹೆಚ್ಚು ಕೆಟ್ಟವರು ಯಾರು, ನೀವೇ ಹೇಳಿ! ನಾನು ಟಿಕೋಟಾದಲ್ಲಿ ಸುಟ್ಟ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತೇನೆ. ಹೊನವಾಡದ ದ್ರಾಕ್ಷಿ ತೋಟದವರು ಬೇರೆಯವರ ಕೈಗೆ ಮೋಟಾರು ಕೊಡುವುದಿಲ್ಲ. ಜಂಬವಲ್ಲ, ಹೋಗಿ ಕೇಳಿ.

ಮಾವ ಬಸ್ ಕಂಡಕ್ಟರ್ ಆಗಿದ್ದವರು. ಒಮ್ಮೆ ಬಬಲೇಶ್ವರದ ದಾರಿಯಲ್ಲಿ ತಲೆ ಎಣಿಸಿದರೆ ಟಿಕೆಟ್ಟಿಗಿಂತ ಒಂದು ಹೆಚ್ಚು ಬಂತು. ಮಾವ ಬಸ್ಸು ನಿಲ್ಲಿಸಿ, ಬಾಗಿಲು ಹಾಕಿಸಿ, ಕಾಖಂಡಕಿಗೆ ಹೊರಟ ಮುದುಕಿಯಿಂದ ಹಿಡಿದು ಎಲ್ಲರನ್ನೂ ವಿಚಾರಿಸಿದರು. ಅರ್ಧ ತಾಸಿನ ಮೇಲೆ ಡ್ರೈವರ್ ತಿರುಗಿ, "ನಿಮ್ಮನ್ನ ಬಿಟ್ಟು ಎಣಿಸೀರೇನ್ರಿ?" ಎಂದ. ಬಿಟ್ಟಿರಲಿಲ್ಲ!

ಅತ್ತೆ ತೀರಿದ ಮೇಲೆ ಮಾವ ಶಹರದಲ್ಲಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಉಳಿದರು. ಒಂದು ದಿನ ಅತ್ತೆ ಅಡಿಕೆ ಕತ್ತರಿಸುತ್ತಿದ್ದ ಹಿತ್ತಾಳೆಯ ಅಡಕೊತ್ತು ಕಳವಾಯಿತು ಎಂದು ಸುದ್ದಿ ಕಳಿಸಿದರು. ಮನೆಗೆ ಬಂದು ಹೋಗುವವರೆಲ್ಲ ಗುರುವಾರ ಸಂಜೆ ಹಾಜರಾಗಬೇಕಂತೆ: ಪಕ್ಕದ ಮನೆಯ ದರ್ಜಿ ಚಾಚಾ, ಎದುರುಮನೆಯ ಮಾಸ್ತರರು, ಹೂವು ಮಾರುವ ಹೆಣ್ಣುಮಗಳು, ಮತ್ತೆ ನಾನು. ಹೊರಗಿನ ಕಳ್ಳ ಬಂದಿರಬಾರದೇಕೆ ಎಂದು ಹೋದವನೇ ಮಾವನನ್ನು ಕೇಳಿದೆ.

"ಹೊರಗಿನಾಂವ ಬಂದು ಒಯ್ದ್ರ ಅದು ಬರೀ ಕಳವು. ಕಳ್ಳ ಮೊದಲನೇ ಪುಟದಾಗ ನಮ್ಮ ಸಂಗಾಟ ಚಹಾ ಕುಡಿದಿರಬೇಕು. ಆಗ ಅದು ಕತಿ," ಎಂದರು.

ಆದರೆ ನಮ್ಮ ಕಡೆ ಬಂದವರಿಗೆ ತಿನ್ನಿಸದೆ ಏನನ್ನಾದರೂ ಕೇಳುವುದುಂಟೇ? ಚುರಮುರಿ ಸೂಸಲಾ ಬಂತು, ಮಿರ್ಚಿ ಬಂತು, ಚಹಾ ಬಂತು, ಅಡಿಕೆ ತಟ್ಟೆ ಬಂತು. ಇನ್ನು ತಮ್ಮ ಮನೆಯಲ್ಲಿ ಉಂಡವರನ್ನು ಕಳ್ಳ ಎನ್ನುವುದುಂಟೇ? ವಿಚಾರಣೆ ಮುಂದಿನ ಗುರುವಾರಕ್ಕೆ ಹೋಯಿತು. ಅಲ್ಲಿಯೂ ಸೂಸಲಾ! ಹೂವಿನಾಕೆ, "ನಾನಽ ಕದ್ದೇನಿ ಅಂತ ಬರ್ಕೋರಿ ಅಣ್ಣಾರ, ಇನ್ನೊಂದೀಟು ಚಹಾ ಹಾಕ್ರಿ," ಎಂದಳು. ಕಳ್ಳ ಸಿಕ್ಕರೆ ಮಿರ್ಚಿ ನಿಲ್ಲುತ್ತದೆಂದು ಚಾಚಾ ಹೆದರಿದರು.

ಹೀಗೆ ಏಳು ವಾರ. ನಾನು ಲಗ್ನವಾದವನಲ್ಲ. ಅಂಗಡಿಗೆ ದಿನಕ್ಕೆ ಹತ್ತು ಜನ ಬಂದರೂ ಎಲ್ಲರದೂ ಮೋಟಾರಿನ ಮಾತು. ಸಂಶಯಪಟ್ಟಾದರೂ ನನ್ನನ್ನು ಕರೆದು ಕೂರಿಸಿಕೊಂಡ ಮನೆ ಅದೊಂದೇ. ಗುರುವಾರ ಬಂತೆಂದರೆ ನಾಲ್ಕಕ್ಕೇ ಬಸ್ಸು ಹಿಡಿಯುತ್ತಿದ್ದೆ.

ಆದರೂ ಮಂದಿಯ ಮುಂದೆ ಜಾಣನೆನಿಸಿಕೊಳ್ಳುವ ಆಸೆ ಕೇಳಬೇಕಲ್ಲ! ಏಳನೆಯ ವಾರ ಎದ್ದು ನಿಂತೆ. ಅಡಕೊತ್ತು ಕಳೆದ ಮನೆಯಲ್ಲಿ ವಾರವಾರವೂ ತಟ್ಟೆ ತುಂಬ ಸಣ್ಣಗೆ ಕತ್ತರಿಸಿದ ಅಡಿಕೆ ಎಲ್ಲಿಂದ ಬಂತು ಎಂದು ಕೇಳಿದೆ. ಗೂಟಕ್ಕೆ ತೂಗಿದ್ದ, ಖಾಲಿ ಇರಬೇಕಾದದ್ದು ಭಾರವಾಗಿ ಜೋತಿದ್ದ ಮಾವನ ಹಳೆಯ ಕಂಡಕ್ಟರ್ ಚೀಲಕ್ಕೆ ಕೈ ಹಾಕಿ ಅಡಕೊತ್ತನ್ನು ಎಳೆದು ತೆಗೆದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ತರರು ನನಗೆ, "ನೀ ಸಾಲಿ ಕಲಿತಿದ್ರ ಫೌಜದಾರ ಆಗ್ತಿದ್ದಿ," ಎಂದರು. ನನ್ನ ಎದೆ ಎರಡು ಬೆರಳು ಉಬ್ಬಿತು.

ಎಲ್ಲರೂ ಹೋದ ಮೇಲೆ ಮಾವ ಚಹಾದ ಕಪ್ಪು-ಬಸಿ ಒಟ್ಟು ಮಾಡುತ್ತ, ನನ್ನ ಕಡೆ ನೋಡದೆ ಹೇಳಿದರು: "ಪತ್ತೆ ಆತಂದ್ರ ಪುಸ್ತಕ ಮುಗೀತಲ್ಲೋ ತಮ್ಮಾ. ಕಡೀ ಪುಟದಾಗ ಎಲ್ಲಾರೂ ಎದ್ದು ತಮ್ಮ ತಮ್ಮ ಮನಿಗೆ ಹೋಗ್ತಾರ."

ಮುಂದಿನ ಗುರುವಾರ ನನ್ನನ್ನು ಬಿಟ್ಟು ಯಾರೂ ಬರಲಿಲ್ಲ. ಸಿಟ್ಟೇನಿಲ್ಲ, ಬರಲು ಕಾರಣವಿರಲಿಲ್ಲ, ಅಷ್ಟೆ. ಮಾವ ಐದು ಜನಕ್ಕಾಗುವಷ್ಟು ಸೂಸಲಾ ಮಾಡಿಟ್ಟು ಕೂತಿದ್ದರು. ನಾನು ಎರಡು ತಟ್ಟೆ ತಿಂದೆ.

"ಮಾವಾ, ನನ್ನ ಅಂಗಡ್ಯಾಗಿನ ನಟ್ಟು ಬಿಚ್ಚೋ ಪಾನಾ ಒಂದು ಕಾಣವಲ್ದರಿ," ಎಂದೆ.

ಮಾವ ನನ್ನ ಮುಖ ನೋಡಿ, ಇನ್ನೊಂದು ತಟ್ಟೆ ಮುಂದೆ ಸರಿಸಿದರು. ಪತ್ತೇದಾರರಲ್ಲವೇ, ಸುಳ್ಳು ತಿಳಿಯದೆ ಇರುತ್ತದೆಯೇ?

"ಅವಸರ ಮಾಡಬ್ಯಾಡ," ಎಂದರು, "ಎಲ್ಲಾರ್ನೂ ಕರದು ವಿಚಾರಿಸಬೇಕು, ಇದು ಭಾಳ ದಿನ ಹಿಡಿತೈತಿ."

ಈಗ ನನಗೆ ಸ್ವಂತ ಅಂಗಡಿ ಒಂದು, ತಂತಿ ಸುತ್ತುವ ಯಂತ್ರ ಎರಡು, ಕೆಲಸದವರು ಮೂವರು, ಒಬ್ಬನೇ ಇರುವ ಮನೆ ಒಂದು, ಮಾವ ಒಬ್ಬರು.