ಮದರ್‌ಬೋರ್ಡಿಗೆ ಗೋತ್ರ ಕೇಳಿದ ಯಂತ್ರ

ನಂಜುಂಡಸ್ವಾಮಿಯವರು ತಮ್ಮ ಹೊಸ ಯಂತ್ರಕ್ಕೆ ಹೊದಿಸಿದ್ದ ಜರಿ ಶಲ್ಯವನ್ನು ಎಳೆದು ತೆಗೆದಾಗ ಪಂಕಜಾಕ್ಷಿ ಮೇಡಂ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದರಿಂದ ಬಂದ ಬುದ್ಧಿ ಅದು. ಹಿಂದಿನ ಸಲ ಇದೇ ಶಲ್ಯದ ಕೆಳಗಿದ್ದದ್ದು ತಾನೇ ಒಗ್ಗರಣೆ ಹಾಕುವ ಯಂತ್ರ. ಅದು ಸಿಡಿಸಿದ ಸಾಸಿವೆ ಇನ್ನೂ ಅವರ ವರಾಂಡದ ಸೂರಿಗೆ ಅಂಟಿಕೊಂಡಿದೆ.

ಈ ಸಲದ್ದು ಚಕ್ರ ಹಚ್ಚಿದ ಹೊಲಿಗೆ ಮಿಶನ್ನಿನ ಮೇಜಿನ ಮೇಲೆ ದೊಡ್ಡ ಇಡ್ಲಿ ಪಾತ್ರೆ ಕೂರಿಸಿದ ಹಾಗಿತ್ತು. ಸುತ್ತ ತಟ್ಟೆಗಳು, ಎರಡು ತೆಳ್ಳನೆಯ ಲೋಹದ ಕೈ, ನಡುವೆ ಒಂದು ಕ್ಯಾಮೆರಾ ಕಣ್ಣು. ಕಣ್ಣಿನ ಮೇಲ್ಗಡೆ ಕುಂಕುಮದ ಬೊಟ್ಟು.

"ಮೇಡಂ, ಇನ್ಮೇಲೆ ನೀವು ತಲೆ ಕೆಡಿಸ್ಕೋಬೇಡಿ. ಯಾವ ಪ್ರೊಸೆಸರ್‌ಗೆ ಯಾವ ಮದರ್‌ಬೋರ್ಡು, ಅದಕ್ಕೆ ಯಾವ ಗ್ರಾಫಿಕ್ಸ್ ಕಾರ್ಡು, ಎಲ್ಲಾ ಇದೇ ನೋಡಿ ಹೇಳತ್ತೆ. ಜೋಡ್ಸೋದೂ ಇದೇ," ಎಂದರು ನಂಜುಂಡಸ್ವಾಮಿ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಿಂದ ನಿವೃತ್ತರಾದ ಮೇಲೆ ಅವರಿಂದ ಪಾಠ ಹೇಳಿಸಿಕೊಳ್ಳುವ ವಿದ್ಯಾರ್ಥಿಗಳಿಲ್ಲ. ಹಾಗಾಗಿ ಸರಸ್ವತಿಪುರಂನ ಈ ರಸ್ತೆಯವರೆಲ್ಲ ವಿದ್ಯಾರ್ಥಿಗಳೇ.

"ಇದು ಹೋದ ತಿಂಗಳು ವಧೂವರರ ಕೇಂದ್ರದಲ್ಲಿ ಇದ್ದಿದ್ದಲ್ವಾ?" ಅವರ ಹೆಂಡತಿ ಮಂಗಳಾ ಸೊಪ್ಪು ಬಿಡಿಸುತ್ತಾ ಕೇಳಿದರು. "ಅವರು ವಾಪಸ್ ಕಳ್ಸಿದ್ರಲ್ಲ."

"ಬುದ್ಧಿ ಅದೇ. ಕೆಲಸ ಬೇರೆ ಕೊಟ್ಟಿದೀನಿ ಅಷ್ಟೆ."

ಬುದ್ಧಿ ಯಾರದೆಂದರೆ ನಂಜುಂಡಸ್ವಾಮಿಯವರ ತೀರಿಹೋದ ಸೋದರತ್ತೆಯದು. ಆಕೆ ಬದುಕಿದ್ದಷ್ಟು ದಿನ ನೆಂಟರಿಷ್ಟರ ಮಕ್ಕಳಿಗೆಲ್ಲ ಗಂಡು ಹೆಣ್ಣು ಹೊಂದಿಸಿ, ಜಾತಕ ಸಾಲಾವಳಿ ನೋಡಿ ಮದುವೆ ಕುದುರಿಸಿದವರು. ಆಕೆಯ ಮಾತುಗಳನ್ನೆಲ್ಲ ರೆಕಾರ್ಡು ಮಾಡಿಟ್ಟುಕೊಂಡಿದ್ದ ನಂಜುಂಡಸ್ವಾಮಿ ಅವನ್ನೇ ಯಂತ್ರಕ್ಕೆ ಉಣ್ಣಿಸಿದ್ದರು. ದನಿಯೂ ಆಕೆಯದೇ, ಕೊಂಕೂ ಆಕೆಯದೇ.

ಪಂಕಜಾಕ್ಷಿ ಮೇಡಂ ಇದಕ್ಕೆ ಒಪ್ಪಿದ್ದು ಬೇರೆ ದಾರಿ ಕಾಣದೆ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಮೇಡಂ ಆಗಿದ್ದವರು ಅವರು. ಮದುವೆಯಾಗಲಿಲ್ಲ, ಕೊರಳಿನ ಸೀಟಿಯನ್ನು ನಿವೃತ್ತಿಯಾದರೂ ತೆಗೆಯಲಿಲ್ಲ. ಸರ್ವೀಸಿನುದ್ದಕ್ಕೂ ಎಲ್ಲ ಕ್ರೀಡಾಕೂಟಗಳಲ್ಲೂ ಹಾಸನದ ಸುಲೋಚನಾ ಮೇಡಂ ತಂಡದ ಮುಂದೆ ಸೋತವರು. ಈಗ ನಿವೃತ್ತ ಆಟದ ಶಿಕ್ಷಕರ ಸಂಘ ವರ್ಷಕ್ಕೊಮ್ಮೆ ಕಂಪ್ಯೂಟರಿನಲ್ಲಿ ಕಾರ್ ರೇಸ್ ನಡೆಸುತ್ತದೆ. ಹೋದ ವರ್ಷ ಪಂಕಜಾಕ್ಷಿಯವರು ಕೊನೆಯ ತಿರುವಿನವರೆಗೂ ಮುಂದಿದ್ದರು. ಅಲ್ಲಿ ಅವರ ಹಳೆಯ ಲ್ಯಾಪ್‌ಟಾಪಿನ ಪರದೆ ಕಲ್ಲಾಗಿ ನಿಂತಿತು. ಚಿತ್ರ ಮತ್ತೆ ಅಲುಗುವ ಹೊತ್ತಿಗೆ ಸುಲೋಚನಾ ಗೆದ್ದು, ಕಾರಿನ ಮೇಲೆ ಹೂವೂ ಬಿದ್ದಾಗಿತ್ತು. "ಪಾಪ, ನಿನ್ನ ಗಾಡಿಗೆ ವಯಸ್ಸಾಯ್ತು ಕಣೇ" ಎಂದು ಫೋನಿನಲ್ಲಿ ಬೇರೆ ಹೇಳಿದಳು. ಆ ಮಾತು ಪಂಕಜಾಕ್ಷಿಯವರಿಗೆ ಈಗಲೂ ಊಟದ ಮಧ್ಯೆ ನೆನಪಾಗುತ್ತದೆ, ನೆನಪಾದರೆ ಅನ್ನ ಸೇರುವುದಿಲ್ಲ.

ಆದ್ದರಿಂದ ಗೇಮಿಂಗ್ ಕಂಪ್ಯೂಟರೇ ಬೇಕು, ಅದೂ ಪಿಂಚಣಿಗೆ ಎಟುಕುವಂಥದ್ದು. ಅವರು ತಮ್ಮದೇ ರೀತಿಯಲ್ಲಿ ವಿಷಯ ಅರ್ಥ ಮಾಡಿಕೊಂಡಿದ್ದರು: ಪ್ರೊಸೆಸರ್ ಅಂದರೆ ತಂಡದ ನಾಯಕ, ಮದರ್‌ಬೋರ್ಡ್ ಅಂದರೆ ಎಲ್ಲರೂ ನಿಲ್ಲುವ ಮೈದಾನ, ಗ್ರಾಫಿಕ್ಸ್ ಕಾರ್ಡ್ ಅಂದರೆ ಓಡುವ ಕಾಲು. ಅಷ್ಟರ ಮೇಲೆ ಅಂತರ್ಜಾಲದಲ್ಲಿ ಓದಲು ಕೂತರೆ ಒಬ್ಬ ಹೌದೆಂದದ್ದನ್ನು ಇನ್ನೊಬ್ಬ ಅಲ್ಲ ಎನ್ನುತ್ತಿದ್ದ. ಕೊನೆಗೆ ಬಿಡಿಭಾಗದ ಅಂಗಡಿಯ ಇರ್ಫಾನ್‌ಗೆ ಹೇಳಿ, ನೋಡಿ ಆರಿಸಲೆಂದು ಒಂದು ಪೆಟ್ಟಿಗೆ ತುಂಬ ಸಾಮಾನು ತರಿಸಿದ್ದರು.

ಯಂತ್ರದ ಕೈಗಳು ಒಂದೊಂದನ್ನೇ ಎತ್ತಿ ಕಣ್ಣಿನ ಹತ್ತಿರ ಹಿಡಿದವು.

"ಹುಡುಗ ಚುರುಕಾಗಿದಾನೆ," ಎಂದಿತು ಒಂದು ಪ್ರೊಸೆಸರನ್ನು ನೋಡಿ. "ಸ್ವಲ್ಪ ಬಿಸಿ ಜಾಸ್ತಿ. ತಲೆ ಮೇಲೊಂದು ಫ್ಯಾನ್ ಇಟ್ರೆ ಸರಿಹೋಗ್ತಾನೆ."

ಪಂಕಜಾಕ್ಷಿಯವರಿಗೆ ಇಷ್ಟವಾಗಿದ್ದ ಗ್ರಾಫಿಕ್ಸ್ ಕಾರ್ಡು ಮೈತುಂಬ ಬಣ್ಣದ ದೀಪದ್ದು. ಯಂತ್ರ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಪಕ್ಕಕ್ಕಿಟ್ಟಿತು. "ದೀಪ ಉರಿಸ್ಕೊಂಡು ಓಡಾಡೋನು ದುಡಿಯೋನಲ್ಲ. ಇವನಿಗೆ ತಿನ್ನೋಕೆ ಹಾಕೋಷ್ಟರಲ್ಲಿ ನಿಮ್ಮ ಮನೆ ಕರೆಂಟು ಮುಗೀತು." ಬದಲಿಗೆ ಮೂಲೆಯಲ್ಲಿದ್ದ, ಯಾರೋ ಬಳಸಿ ಮಾರಿದ ಕಾರ್ಡನ್ನು ಎತ್ತಿತು. "ಇದು ಎರಡನೇ ಸಂಬಂಧ. ಆದ್ರೂ ಗಟ್ಟಿ ಮನೆತನ. ಅಗ್ಗಕ್ಕೂ ಬರತ್ತೆ."

ಪಂಕಜಾಕ್ಷಿ ಮೇಡಂ ತಲೆದೂಗಿದರು. ಇಲ್ಲಿಯವರೆಗೆ ಮಾತು ತೂಕದ್ದೇ ಆಗಿತ್ತು.

ಆಮೇಲೆ ಮದರ್‌ಬೋರ್ಡುಗಳ ಸರದಿ. ಯಂತ್ರ ಒಂದನ್ನು ಎತ್ತಿತು, ಪ್ರೊಸೆಸರಿನ ಪಕ್ಕ ಹಿಡಿಯಿತು, ಬೇಡವೆಂದು ಕೆಳಗಿಟ್ಟಿತು. ಎರಡನೆಯದೂ ಬೇಡ. ಕೊನೆಗೆ ಉಳಿದದ್ದನ್ನು ಹಿಡಿದು, "ಹಾಂ, ಇವಳು ಆಗ್ತಾಳೆ. ಲಕ್ಷಣವಾದ ಜೋಡಿ. ಧಾರೆ ಎರೀರಿ," ಎಂದಿತು. ಹಾಗೆಂದದ್ದೇ ನಾದಸ್ವರ ಬಾರಿಸುತ್ತಾ ಪ್ರೊಸೆಸರನ್ನು ಬೋರ್ಡಿನ ಮೇಲಿಟ್ಟು ಒತ್ತತೊಡಗಿತು. ಅದು ಕೂರಲಿಲ್ಲ. ಯಂತ್ರ ಇನ್ನೂ ಜೋರಾಗಿ ಒತ್ತಿತು. ಮೇಜು ಕಿರುಗುಟ್ಟಿತು. ಮಂಗಳಾ ಸೊಪ್ಪು ಬಿಟ್ಟು ಎದ್ದು ನಿಂತರು.

ಪಂಕಜಾಕ್ಷಿ ಮೇಡಂ ಸೀಟಿ ಊದಿದರು. ಮೈದಾನದ ಆ ತುದಿಯ ಹುಡುಗಿಯರನ್ನೂ ನಿಲ್ಲಿಸುತ್ತಿದ್ದ ಸೀಟಿ, ಯಂತ್ರವೂ ನಿಂತಿತು.

"ಇಬ್ಬರಿಗೂ ಕೂಡ್ತಿಲ್ವಲ್ಲ ಅತ್ತೆ," ಎಂದರು ನಂಜುಂಡಸ್ವಾಮಿ, ಯಂತ್ರವೆಂಬುದನ್ನು ಮರೆತು.

"ಮೊದಮೊದಲು ಹಾಗೇ ಕಣೋ ನಂಜೂ. ಹೊಂದ್ಕೊಂಡು ಹೋಗ್ಬೇಕು."

"ಆ ಮೊದಲನೇದು ಯಾಕೆ ಬೇಡ ಅಂದ್ರಿ?" ಪಂಕಜಾಕ್ಷಿಯವರು ಕೇಳಿದರು.

"ಹುಡುಗನ ಸಾಕೆಟ್ಟೂ ಅದೇ, ಹುಡುಗಿ ಸಾಕೆಟ್ಟೂ ಅದೇ. ಒಂದೇ ಗೋತ್ರ ಕಣಮ್ಮ. ಅಣ್ಣ ತಂಗಿ ಆಗ್ತಾರೆ. ಅಂಥ ಮದುವೆ ಈ ಕೈಯಲ್ಲಿ ಮಾಡ್ಸಿದ್ದಿಲ್ಲ, ಮಾಡ್ಸೋದೂ ಇಲ್ಲ."

ಪ್ರೊಸೆಸರ್ ತನ್ನದೇ ಸಾಕೆಟ್ಟಿನ, ಅಂದರೆ ತನ್ನ ಅಳತೆಯ ಗೂಡಿರುವ, ಬೋರ್ಡಿನಲ್ಲಿ ಮಾತ್ರ ಕೂರುತ್ತದೆ ಎಂಬುದೊಂದೇ ಅಂತರ್ಜಾಲದಲ್ಲಿ ಎಲ್ಲರೂ ಒಪ್ಪಿದ್ದ ಸಂಗತಿ. ಯಂತ್ರ ಕೂರುವಂಥವನ್ನೇ ಹುಡುಕಿ ಹುಡುಕಿ ತೆಗೆದುಹಾಕಿತ್ತು.

"ಸಣ್ಣ ತಿದ್ದುಪಡಿ," ಎಂದು ನಂಜುಂಡಸ್ವಾಮಿ ಸ್ಕ್ರೂಡ್ರೈವರ್ ತೆಗೆದುಕೊಂಡರು. "ಗೋತ್ರದ ನಿಯಮ ತಿರುಗಿಸಿಬಿಟ್ರೆ ಆಯ್ತು. ಒಂದೇ ಥರ ಇರೋವ್ರಿಗೆ ಮಾತ್ರ ಮದುವೆ."

ತಿರುಗಿಸಿದರು. ಎಲ್ಲರೂ ಪಂಕಜಾಕ್ಷಿಯವರ ಮನೆಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಯಂತ್ರ ಚಕ್ರದ ಮೇಲೆ ಉರುಳಿಕೊಂಡು ಅಡುಗೆಮನೆ ಸೇರಿತ್ತು. ಮಿಕ್ಸಿಗೂ ಇಸ್ತ್ರಿ ಪೆಟ್ಟಿಗೆಗೂ ಒಂದೇ ಥರದ ಪ್ಲಗ್ಗು. ಎರಡರ ವೈರುಗಳನ್ನೂ ಬ್ರಹ್ಮಗಂಟು ಹಾಕಿತ್ತು. ಎಡಗಾಲಿನ ಚಪ್ಪಲಿಗಳನ್ನೆಲ್ಲ ಒಂದು ಕಡೆ ಜೋಡಿ ಮಾಡಿ, ಬಲಗಾಲಿನವನ್ನು ಇನ್ನೊಂದು ಕಡೆ ಕೂಡಿಸಿತ್ತು. ಮಂಗಳಾ ನೋಡುವಾಗ ಎರಡು ಲಟ್ಟಣಿಗೆಗಳಿಗೆ ಅರಿಶಿನದ ದಾರ ಸುತ್ತುತ್ತಿತ್ತು.

"ಇದು ಈ ಮನೇಲಿ ಇರೋ ಹಾಗಿಲ್ಲ," ಎಂದರು ಮಂಗಳಾ. "ಇದನ್ನ ಕಳ್ಸಿ, ಇಲ್ಲಾ ನನ್ನ ಕಳ್ಸಿ."

ನಂಜುಂಡಸ್ವಾಮಿ ಒಂದು ಕ್ಷಣ ಯೋಚಿಸಿದಂತೆ ಕಂಡದ್ದು ತಪ್ಪಾಯಿತು. ಆ ದಿನ ಅವರಿಗೆ ರಾತ್ರಿಯ ಸಾರಿನಲ್ಲಿ ಉಪ್ಪು ಇರಲಿಲ್ಲವಂತೆ.

ತಟ್ಟೆಯ ಮೇಲಿಟ್ಟದ್ದನ್ನು ಬಿಟ್ಟು ಬೇರೇನನ್ನೂ ಮುಟ್ಟಬಾರದೆಂದು ಮತ್ತೊಂದು ತಿದ್ದುಪಡಿಯಾಗಿ, ಯಂತ್ರ ಪಂಕಜಾಕ್ಷಿಯವರ ಮನೆಗೆ ಸ್ಥಳಾಂತರವಾಯಿತು. ಅಲ್ಲಿ ಮದುವೆ ಸುಸೂತ್ರವಾಗಿ ನಡೆಯಿತು. ಪ್ರೊಸೆಸರು ಬೋರ್ಡಿನಲ್ಲಿ ಬೆಣ್ಣೆಯಲ್ಲಿ ಬೆರಳಿಟ್ಟಷ್ಟು ಸಲೀಸಾಗಿ ಕೂತಿತು. ಎರಡನೇ ಸಂಬಂಧದ ಕಾರ್ಡೂ ಜಾಗ ಹಿಡಿಯಿತು. ಎಲ್ಲವನ್ನೂ ಯಂತ್ರ ತನ್ನ ಇಡ್ಲಿ ಪಾತ್ರೆಯ ಒಳಗೇ ಜೋಡಿಸಿಕೊಂಡು, "ಮದುವೆ ಮಾಡ್ಸಿದೋರು ಮುಂದಕ್ಕೂ ನೋಡ್ಕೋಬೇಕು," ಎಂದು ಅವುಗಳ ಮೇಲಿಂದ ಕೈ ತೆಗೆಯದೇ ಕೂತಿತು. ಪರದೆ ಹೊತ್ತಿಕೊಂಡಾಗ ಪಂಕಜಾಕ್ಷಿ ಮೇಡಂಗೆ ಸಂತೋಷ ತಡೆಯಲಾಗಲಿಲ್ಲ. ರಸ್ತೆ ರಸ್ತೆಯಂತೆಯೇ ಓಡುತ್ತಿತ್ತು. ಮರದ ಎಲೆಗಳು ಒಂದೊಂದೂ ಕಾಣುತ್ತಿದ್ದವು. ಅವರು ವಾರವಿಡೀ ಸ್ಟೀರಿಂಗ್ ಹಿಡಿದು ಅಭ್ಯಾಸ ಮಾಡಿದರು. ಕೊನೆಯ ತಿರುವನ್ನು ಕಣ್ಣು ಮುಚ್ಚಿ ದಾಟುವಷ್ಟು ಪಳಗಿದರು.

ರೇಸಿನ ಭಾನುವಾರ ಬಂತು. ಸಂಜೆಯ ಪಂದ್ಯಕ್ಕೆ ಇನ್ನೇನು ಕೂರಬೇಕು, ಅಷ್ಟರಲ್ಲಿ ಇರ್ಫಾನ್ ಫೋನು.

"ಮೇಡಂ, ಯಾರೋ ದೊಡ್ಡೋರು ಹೆಂಗಸರು ಬೆಳಿಗ್ಗೆಯಿಂದ ಫೋನ್ ಮಾಡ್ತಿದಾರೆ. ನಿಮ್ಮ ಮನೆಗೆ ಬಂದು ಮಗಳನ್ನ ಕರ್ಕೊಂಡು ಹೋಗ್ಬೇಕಂತೆ. ನಂಗಿನ್ನೂ ಮದುವೇನೇ ಆಗಿಲ್ಲ ಮೇಡಂ."

ಪಂಕಜಾಕ್ಷಿಯವರು ಓಡಿ ಬಂದು ನೋಡಿದರೆ ಯಂತ್ರದ ಬೆರಳು ಪ್ರೊಸೆಸರಿನ ಚಿಲಕ ಎತ್ತಲು ಹೊರಟಿತ್ತು. ಸೀಟಿ ಊದಿದರು. ಬೆರಳು ಅಲ್ಲೇ ನಿಂತಿತು.

"ಏನ್ ಮಾಡ್ತಿದೀರಿ?"

"ಆಷಾಢ ಬಂತಲ್ಲಮ್ಮ. ಹೊಸ ಸೊಸೆ ಅತ್ತೆ ಜೊತೆ ಒಂದೇ ಹೊಸ್ತಿಲು ತುಳೀಬಾರದು. ಹುಡುಗೀನ ತವರಿಗೆ, ಆ ಇರ್ಫಾನ್ ಅಂಗಡಿಗೆ ಕಳಿಸ್ತಿದೀನಿ. ಕಂಪ್ಯೂಟರಿಂದ ಫೋನೂ ಮಾಡಾಯ್ತು. ತಿಂಗಳು ಕಳೀಲಿ, ಕರೆಸ್ಕೊಳೋಣ."

ಸೀಟಿ ಕೇಳಿ ನಂಜುಂಡಸ್ವಾಮಿ ಸ್ಕ್ರೂಡ್ರೈವರ್ ಸಮೇತ ಬಂದರು. "ಬಿಚ್ಚಿ ಸರಿಮಾಡ್ತೀನಿ ಮೇಡಂ, ನಾಳೆ ಬೆಳಿಗ್ಗೆ ಹೊತ್ತಿಗೆ..."

"ನಾಳೆ ಬೆಳಿಗ್ಗೆ ಸುಲೋಚನಾ ಸಿಹಿ ಹಂಚ್ತಿರ್ತಾಳೆ. ಸುಮ್ನಿರಿ ನೀವು."

ಇನ್ನೊಂದು ವರ್ಷ ಆ ಮಾತನ್ನು ನುಂಗಿಕೊಂಡು ಕೂರುವ ಶಕ್ತಿ ಪಂಕಜಾಕ್ಷಿಯವರಲ್ಲಿರಲಿಲ್ಲ. ಆದರೂ ಅಂಪೈರಿನ ಜೊತೆ ವಾದ ಮಾಡುವಾಗ ದನಿ ಏರಿಸಬಾರದು, ನಿಯಮ ಕೇಳಬೇಕು ಎಂಬುದನ್ನು ಅವರು ಮಕ್ಕಳಿಗೆ ಕಲಿಸಿದವರು.

"ಅತ್ತೆ ಯಾರು ಇಲ್ಲಿ?" ಎಂದು ಸಾವಕಾಶವಾಗಿ ಕೇಳಿದರು.

"ಮನೆ ತುಂಬಿಸ್ಕೊಂಡಿದ್ದು ಯಾರು? ನೀನೇ."

"ನಿಯಮ ಏನು? ಸೊಸೆ ಹೋಗ್ಬೇಕು ಅಂತಲಾ, ಇಬ್ಬರೂ ಒಂದೇ ಹೊಸ್ತಿಲಲ್ಲಿ ಇರಬಾರದು ಅಂತಲಾ?"

"ಒಂದೇ ಹೊಸ್ತಿಲಲ್ಲಿ ಇರಬಾರದು."

"ಹಾಗಾದ್ರೆ ಅತ್ತೆ ಹೋದ್ರೆ?"

ಅಷ್ಟು ಮದುವೆ ಮಾಡಿಸಿದವರನ್ನು ಆ ಪ್ರಶ್ನೆ ಯಾರೂ ಯಾವತ್ತೂ ಕೇಳಿರಲಿಲ್ಲ. ಯಂತ್ರದ ಒಳಗಿನ ಫ್ಯಾನು ಗರಗರ ತಿರುಗಿತು.

"ಅತ್ತೆ ಹೋಗಿದ್ದು ನಾ ಎಲ್ಲೂ ಕಂಡಿಲ್ಲ," ಎಂದಿತು ಕೊನೆಗೆ.

"ತಪ್ಪಾ?"

"ತಪ್ಪೇನಿಲ್ಲ."

ಅಷ್ಟು ಸಾಕಾಯಿತು. ಪಂಕಜಾಕ್ಷಿ ಮೇಡಂ ಪರದೆಯನ್ನೂ ಸ್ಟೀರಿಂಗನ್ನೂ ಕಿಟಕಿಯಿಂದ, ಹೊರಗೆ ಹೋಗಿ ನಿಂತ ನಂಜುಂಡಸ್ವಾಮಿಯವರ ಕೈಗೆ ದಾಟಿಸಿದರು. ಅವರ ಮನೆಯಲ್ಲಿ ಇನ್ನೇನು ಇಲ್ಲದಿದ್ದರೂ ಉದ್ದುದ್ದ ವೈರುಗಳಿಗೆ ಬರವಿರಲಿಲ್ಲ. ವೈರು ಕಿಟಕಿ ದಾಟಿ, ಕಾಂಪೌಂಡು ಹತ್ತಿ, ಪಕ್ಕದ ವರಾಂಡ ಸೇರಿತು. ಮೇಡಂ ಸೆರಗು ಸಿಕ್ಕಿಸಿ ತಮ್ಮದೇ ಮನೆಯ ಹೊಸ್ತಿಲು ದಾಟಿ ಹೊರಬಂದು, ಮಂಗಳಾ ಹಾಕಿದ ಕುರ್ಚಿಯಲ್ಲಿ ಕೂತರು. ಹಿಂದಿನಿಂದ ಯಂತ್ರ, "ಹೋಗ್ಬಿಟ್ಟು ಬಾಮ್ಮ," ಎಂದಿತು. ಪರದೆ ಬೆಳಗಿತು.

ಸುಲೋಚನಾ ಮೊದಲಿನಿಂದಲೂ ಮುಂದಿದ್ದಳು. ಪಂಕಜಾಕ್ಷಿ ಅವಳ ಬೆನ್ನು ಬಿಡಲಿಲ್ಲ. ಕೊನೆಯ ತಿರುವು ಬಂದಾಗ ಮಂಗಳಾ ಕಣ್ಣು ಮುಚ್ಚಿಕೊಂಡರು, ನಂಜುಂಡಸ್ವಾಮಿ ವೈರನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ನಿಂತರು. ಪರದೆ ಕಲ್ಲಾಗಲಿಲ್ಲ. ಎಲೆ ಎಲೆಯೂ ಕಾಣುವಂತೆ ತಿರುವು ತಿರುಗಿತು, ಪಂಕಜಾಕ್ಷಿಯ ಕಾರು ಒಳಗಿನಿಂದ ನುಸುಳಿ ಒಂದು ಮೂತಿಯಷ್ಟು ಮೊದಲು ಗೆರೆ ದಾಟಿತು. ಅವರಿಗೆ ಅಳು ಬಂತು, ಒರೆಸಿಕೊಳ್ಳದೆ ಅತ್ತರು. ಆಮೇಲೆ ಸೀಟಿ ಊದಿದರು.

ಫೋನು ಬಂತು. "ಮುಂದಿನ ಭಾನುವಾರ ಇನ್ನೊಂದು ಪಂದ್ಯ ಆಡೋಣ ಕಣೇ," ಎಂದಳು ಸುಲೋಚನಾ. ದನಿ ಸಣ್ಣಗಾಗಿತ್ತು. ಪಂಕಜಾಕ್ಷಿ, "ಅದರ ಮುಂದಿನ ಭಾನುವಾರಾನೂ ಆಡೋಣ," ಎಂದರು.

ಹಾಗೆಂದ ಮೇಲೆ ಮನೆಗೆ ಹೋಗುವಂತಿರಲಿಲ್ಲ. ಹೊಸ್ತಿಲಿನ ಮೇಲೆ ಕಾಲಿಟ್ಟರೆ ಒಳಗಿನ ಬೆರಳು ಚಿಲಕದ ಕಡೆ ಹೋಗುತ್ತಿತ್ತು. ಮಂಗಳಾ ನಡುಮನೆಯಲ್ಲಿ ಪಂಕಜಾಕ್ಷಿಯವರಿಗೆ ಹಾಸಿಗೆ ಹಾಸಿ, ಯಂತ್ರ ನೋಡಿಕೊಳ್ಳಲು ಗಂಡನನ್ನು ಆ ಮನೆಗೆ ಅಟ್ಟಿದರು. ಸೊಪ್ಪಿನ ಸಾರನ್ನು ಕಾಂಪೌಂಡಿನ ಮೇಲಿಂದ ಕೊಡುತ್ತಿದ್ದರು. ನಂಜುಂಡಸ್ವಾಮಿಗೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೂ ಸೋದರತ್ತೆಯ ಬೈಗುಳ. ಕಿಟಕಿಯಲ್ಲಿ ಅವರ ಮುಖ ದಿನೇ ದಿನೇ ಸೊರಗುತ್ತಿತ್ತು.

ಹಾದಿಯಲ್ಲಿ ಹೋಗುವವರು, "ಏನ್ ಮೇಡಂ, ನಿಮ್ಮ ಮನೆ ಬಿಟ್ಟು ಇಲ್ಲಿ ಕೂತಿದೀರಿ?" ಎಂದು ಕೇಳುತ್ತಾರೆ.

ಪಂಕಜಾಕ್ಷಿ ಮೇಡಂ ಸ್ಟೀರಿಂಗಿನಿಂದ ಕಣ್ಣೆತ್ತದೆ ಹೇಳುತ್ತಾರೆ: "ಅತ್ತೆ ಕಾಟ ಬೇಡ ಅಂತ ಮದುವೆ ಆಗ್ಲಿಲ್ಲ. ಈಗ ಸೊಸೆಗೋಸ್ಕರ ಮನೆ ಬಿಟ್ಟಿದೀನಿ."