ಜೇಬಿನಲ್ಲೊಂದು ಇಲಿಯೋ ಅಳಿಲೋ

ಸುಟ್ಟು ಹೋದ ವಸ್ತುವನ್ನು ನೋಡಿ ಅದು ಸುಡುವ ಮೊದಲು ಏನಾಗಿತ್ತು ಎಂದು ಹೇಳುವುದು ನನ್ನ ಉದ್ಯೋಗ. ವಿಮೆಯವರ ಪರವಾಗಿ ನಷ್ಟದ ಸರ್ವೆ ಮಾಡುವವನು ನಾನು. ಸೂರತ್ತಿನ ಗೋದಾಮುಗಳಲ್ಲಿ ಬೆಂಕಿ ಬಿದ್ದರೆ, ತಾಪಿ ನದಿಯ ನೀರು ನುಗ್ಗಿದರೆ, ಮಾರನೇ ದಿನ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹೋಗಿ, ಕರಿಹಿಡಿದ ಮುದ್ದೆಯನ್ನು ಪೆನ್ನಿನ ತುದಿಯಿಂದ ಕೆದಕಿ, ಇದು ಸೀರೆ, ಇದು ದುಪಟ್ಟಾ, ಇದು ಬರೀ ರಟ್ಟಿನ ಡಬ್ಬ ಎಂದು ತೀರ್ಪು ಕೊಡುತ್ತೇನೆ. ವರ್ಷಗಟ್ಟಲೆ ಹೀಗೆ ತೀರ್ಪು ಕೊಟ್ಟು ಕೊಟ್ಟು ನನಗೆ ಗುರುತಿಸಲಾಗದ ವಸ್ತು ಲೋಕದಲ್ಲೇ ಇಲ್ಲ ಎಂಬ ಒಂದು ಸೊಕ್ಕು ಬಂದುಬಿಟ್ಟಿತ್ತು. ಮನೆಯಲ್ಲಿ ಫ್ರಿಜ್ಜಿನ ಮೂಲೆಯಲ್ಲಿ ಮರೆತ ಡಬ್ಬಿಗಳನ್ನು ತೆರೆದು, ಇದು ಹೋದ ವಾರದ ಹುಳಿ, ಇದು ಅದರ ಹಿಂದಿನ ವಾರದ ಗೊಜ್ಜು ಎಂದು ಹೇಳಿ ಹೆಂಡತಿಯ ಕೆಂಗಣ್ಣಿಗೆ ಗುರಿಯಾಗಿದ್ದೂ ಉಂಟು. ಇಂಥ ನನ್ನ ಅಂಗೈ ಮೇಲೆ ಒಂದು ದಿನ ಹೆಬ್ಬೆರಳಿನಷ್ಟೇ ಇದ್ದ, ಮೈಮೇಲೆ ಒಂದು ಕೂದಲೂ ಇಲ್ಲದ, ಕಣ್ಣು ಮುಚ್ಚಿದ ಗುಲಾಬಿ ಬಣ್ಣದ ಜೀವವೊಂದನ್ನಿಟ್ಟು "ಇದೇನು, ಹೇಳ್ರಿ" ಎಂದು ಹೆಂಡತಿ ಕೇಳಿದಳು. ನನಗೆ ಗೊತ್ತಾಗಲಿಲ್ಲ.

ಆದದ್ದಿಷ್ಟು. ಸೂರತ್ತಿನ ಅಡಾಜಣ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬೇಸಿಗೆ ಕಾಲಿಡುವ ಮುಂಚೆ ಏಸಿ ಸರ್ವಿಸ್ ಮಾಡುವವನನ್ನು ಕರೆಸುವುದು ವಾಡಿಕೆ. ಅವನು ಹೊರಗಿನ ಡಬ್ಬದ ಹಿಂಬದಿಗೆ ಕೈಹಾಕಿ ಒಂದು ದೊಡ್ಡ ಉಂಡೆ ಕಸವನ್ನು ಎಳೆದು ಕೆಳಗೆ ಎಸೆದ. ಎಸೆದ ಮೇಲೆ, ಅದು ಕಸವಲ್ಲ, ಗೂಡು ಎಂದು ಗೊತ್ತಾಯಿತು. ಹತ್ತಿ, ತೆಂಗಿನ ನಾರು, ಜರಿಯ ಎಳೆ, ಯಾವುದೋ ಸೀರೆಯ ಅಂಚಿನ ಚೂರು, ಹೀಗೆ ಈ ಊರಿನಲ್ಲಿ ಬಿಟ್ಟರೆ ಬೇರೆಲ್ಲೂ ಕಟ್ಟಲಾಗದಂಥ ಗೂಡು. ಕೆಳಗೆ ಓಡಿಹೋಗಿ ನೋಡುವಷ್ಟರಲ್ಲಿ ಕಾಗೆಗಳು ಬಂದುಹೋಗಿದ್ದವು. ಡಬ್ಬದ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಒಂದೇ ಒಂದು ಮರಿ ಉಳಿದಿತ್ತು. ಅದರ ತಾಯಿಯನ್ನು ನಮ್ಮಲ್ಲಿ ಯಾರೊಬ್ಬರಾದರೂ ನೋಡಿದ್ದರೆ ನಾನು ಈಗ ಇದನ್ನು ಬರೆಯುವ ಕಷ್ಟವೇ ಇರುತ್ತಿರಲಿಲ್ಲ.

ನನ್ನ ಹೆಂಡತಿ ಶೈಲಜಾ ಗದಗದವಳು, ಇಲ್ಲಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಅವಳು ಸ್ವಭಾವತಃ ಕರುಣಾಮಯಿ, ಇಲಿಗಳ ವಿಷಯವೊಂದನ್ನು ಬಿಟ್ಟು. ನಾವು ಈ ಊರಿಗೆ ಬಂದ ಹೊಸದರಲ್ಲಿ ಇದ್ದ ಬಾಡಿಗೆ ಮನೆಯಲ್ಲಿ ಇಲಿಯೊಂದು ಅವಳ ತವರಿನ ಇಳಕಲ್ ಸೀರೆಯನ್ನು, ಅದೂ ಸೆರಗಿನ ಭಾಗವನ್ನೇ ಆರಿಸಿಕೊಂಡು ತಿಂದಿತ್ತು. ಇಲಿ ಹೆಗ್ಗಣ ಮಾಡಿದ ಹಾನಿಗೆ ವಿಮೆ ಸಿಗುವುದಿಲ್ಲ ಎಂದು ನಾನು ಅವತ್ತು ವೃತ್ತಿಸಹಜವಾಗಿ ಹೇಳಿದ ಮಾತು ನಮ್ಮ ಸಂಸಾರದಲ್ಲಿ ಇನ್ನೂ ಆರಿಲ್ಲ. ಹೀಗಾಗಿ ಅವಳು ಷರತ್ತು ಹಾಕಿದಳು: "ಅಳಿಲಾದ್ರ ಇರ್ಲಿ, ಬದುಕಲಿ. ಇಲಿ ಆದ್ರ ಈ ಮನ್ಯಾಗ ಒಂದ್ ದಿವಸಾನೂ ಇರಂಗಿಲ್ಲ, ಈಗ ಹೇಳೇನಿ." ಕಾಲೇಜಿಗೆ ಹೋಗುವ ಮಗಳು ಪ್ರಣತಿ "ಮಮ್ಮಿ, ಸೋ ಕ್ರೂಯೆಲ್! ಹೊರಗೆ ಇಟ್ಟರೆ ಇದು ಮರ್ ಜಾಯೇಗಾ" ಎಂದು ತನ್ನ ಎಂದಿನ ಮಿಶ್ರಭಾಷೆಯಲ್ಲಿ ಕೂಗಿದಳು. ಇಬ್ಬರೂ ನನ್ನ ಮುಖ ನೋಡಿದರು. ಒಂದು ಪ್ರಾಣ ನನ್ನ ತೀರ್ಪಿನ ಮೇಲೆ ನಿಂತಿತ್ತು. ಪರಿಶೀಲನೆ ನಡೆಯುತ್ತಿದೆ, ಸದ್ಯಕ್ಕೆ ಪೆಂಡಿಂಗ್ ಅಂತ ಇಟ್ಟುಕೊಳ್ಳೋಣ ಎಂದೆ. ಮಗಳು ಅಂದಿನಿಂದ ಅದನ್ನು ಪೆಂಡಿಂಗ್ ಎಂದೇ ಕರೆಯತೊಡಗಿದಳು.

ಪ್ರಾಣಿಗಳನ್ನು ಕಾಪಾಡುವ ಒಬ್ಬ ಕಾರ್ಯಕರ್ತೆಯ ನಂಬರನ್ನು ಮಗಳೇ ಹುಡುಕಿದಳು. ಆಕೆ ಫೋಟೋ ನೋಡಿ, ಇಷ್ಟು ಎಳೆಯದರಲ್ಲಿ ಖಚಿತವಾಗಿ ಹೇಳಲಾರೆ, ಎರಡನ್ನೂ ಸಾಕುವ ಕ್ರಮ ಹೆಚ್ಚುಕಡಿಮೆ ಒಂದೇ, ಮೊದಲು ಬೆಚ್ಚಗೆ ಮಾಡಿ ಸಿಕ್ಕ ಜಾಗದಲ್ಲೇ ಇಡಿ, ತಾಯಿ ಬಂದು ಒಯ್ದರೂ ಒಯ್ಯಬಹುದು ಎಂದರು. ಚಪ್ಪಲಿ ಡಬ್ಬದಲ್ಲಿ ಮೆತ್ತನೆಯ ಬಟ್ಟೆ ಹಾಸಿ, ಬಿಸಿನೀರಿನ ಬಾಟಲಿ ಇಟ್ಟು, ಬಾಲ್ಕನಿಯಲ್ಲಿ ಮರಿಯನ್ನು ಮಲಗಿಸಿ, ಪರದೆಯ ಹಿಂದೆ ಸಂಜೆಯವರೆಗೆ ಮೂವರೂ ಉಸಿರು ಬಿಗಿಹಿಡಿದು ಕೂತೆವು. ತಾಯಿ ಬರಲಿಲ್ಲ. ಬಂದಿದ್ದರೆ ಅದು ಏನೆಂದಾದರೂ ಗೊತ್ತಾಗುತ್ತಿತ್ತಲ್ಲ ಎಂಬ ಆಸೆಯೂ ಅದರೊಂದಿಗೇ ಹೋಯಿತು. ಕೊನೆಗೆ ಗುಜರಾತಿನ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಬ್ಯಾಂಕಿನವರು ಇಲಿ ಎಂದರು. ರೈಲ್ವೆಯವರು ಅಳಿಲು ಎಂದರು. ವಡೋದರಾ ಹತ್ತಿರದ ಕೊಯಾಲಿಯಲ್ಲಿರುವ ಸ್ನೇಹಿತರೊಬ್ಬರು ಬಾವಲಿ ಇರಬಹುದೇ ನೋಡಿ ಎಂದರು. ಅಹಮದಾಬಾದಿನ ವಿಜ್ಞಾನಿಯೊಬ್ಬರು ಬಾಲದ ಉದ್ದಕ್ಕೂ ಮೈಯುದ್ದಕ್ಕೂ ಇರುವ ಅನುಪಾತ ಕಳಿಸಲು ಹೇಳಿದರು. ಮರಿ ಒಂದು ಕ್ಷಣವೂ ನೆಟ್ಟಗೆ ಮಲಗುತ್ತಿರಲಿಲ್ಲವಾದ್ದರಿಂದ ಅನುಪಾತ ಗಳಿಗೆಗೊಂದು ಬಂತು.

ಎದುರು ಫ್ಲ್ಯಾಟಿನ ಹಂಸಾಬೆನ್‌ಗೆ ಮಾತ್ರ ಈ ಗೊಂದಲವೇ ಅರ್ಥವಾಗಲಿಲ್ಲ. ಅವರು ಜೈನರು. "ಉಂದರ್ ಹೋಯ್ ಕೆ ಖಿಸ್ಕೋಲಿ, ಜೀವ್ ತೋ ಜೀವ್ ಛೇ ನೆ, ಭಾಯಿ!" ಎಂದರು. ಇಲಿಯಾದರೇನು ಅಳಿಲಾದರೇನು, ಜೀವ ಜೀವವೇ ತಾನೆ ಎಂದು. ಹಸುವಿನ ಹಾಲು ಕೊಡಕೂಡದು, ಆಡಿನ ಹಾಲು ಬೇಕು ಎಂದು ಕಾರ್ಯಕರ್ತೆ ಹೇಳಿದ್ದರು. ಅದನ್ನು ದಿನವೂ ತಪ್ಪದೆ ತರಿಸಿಕೊಟ್ಟವರು ಹಂಸಾಬೆನ್ನೇ. ಲೋಟ ಕೊಡುವಾಗಲೆಲ್ಲ ಶೈಲಜಾಳ ಮುಖವನ್ನು ಒಂದು ಥರ ನೋಡುತ್ತಿದ್ದರು. ಷರತ್ತಿನ ಸುದ್ದಿ ಅವರಿಗೂ ಮುಟ್ಟಿತ್ತು.

ಸಾಕುವುದೇನು ಸಾಮಾನ್ಯ ಕೆಲಸವೇ? ಸೂಜಿ ತೆಗೆದ ಸಿರಿಂಜಿನಲ್ಲಿ ಹಾಲು ತುಂಬಿ, ಮರಿಯನ್ನು ಬೆನ್ನ ಮೇಲೆ ಮಲಗಿಸದೆ ಎತ್ತಿ ಹಿಡಿದು, ಹನಿ ಹನಿಯಾಗಿ ತುಟಿಗೆ ಮುಟ್ಟಿಸಬೇಕು. ಅವಸರ ಮಾಡಿದರೆ ಮೂಗಿಗೇರುತ್ತದೆ. ಕುಡಿದಾದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಸವರಬೇಕು, ಇಲ್ಲದಿದ್ದರೆ ಅದಕ್ಕೆ ಉಚ್ಚೆ ಹೊಯ್ಯಲೂ ಬರುವುದಿಲ್ಲ. ಸ್ವಂತ ಮಗಳ ಬಾಲ್ಯದಲ್ಲಿ ಇಂಥ ಕೆಲಸಗಳಿಂದ ಉಪಾಯವಾಗಿ ತಪ್ಪಿಸಿಕೊಂಡಿದ್ದ ನಾನು, ಅರ್ಧ ತಲೆ ನರೆತ ಮೇಲೆ, ಜಾತಿ ಗೊತ್ತಿಲ್ಲದ ಒಂದು ಮರಿ ಉಚ್ಚೆ ಹೊಯ್ದರೆ "ಶಭಾಷ್" ಎಂದು ಚಪ್ಪಾಳೆ ತಟ್ಟುವಂತಾದೆ. ಹೆಂಡತಿ ಶಾಲೆಗೆ, ಮಗಳು ಕಾಲೇಜಿಗೆ. ಎರಡೆರಡು ಗಂಟೆಗೆ ಹಾಲು ಕೇಳುವ ಪೆಂಡಿಂಗ್‌ನನ್ನು ಯಾರು ನೋಡಿಕೊಳ್ಳಬೇಕು? ಮಗಳ ಹಳೆಯ ಉಣ್ಣೆಯ ಕಾಲುಚೀಲದಲ್ಲಿ ಅದನ್ನಿಟ್ಟು, ಕಾಲುಚೀಲವನ್ನು ಅಂಗಿಯ ಜೇಬಿನಲ್ಲಿಟ್ಟು ನಾನು ಕೆಲಸಕ್ಕೆ ಹೊರಟೆ.

ಹಾಗೆ ಹೋದದ್ದು ಕತಾರ್‌ಗಾಮ್‌ನ ಮನುಭಾಯಿ ಎಂಬ ವ್ಯಾಪಾರಿಯ ಗೋದಾಮಿಗೆ. ಕೆಳಗೆ ನೂಲಿನ ದಾಸ್ತಾನು, ಮೇಲೆ ವಜ್ರ ಉಜ್ಜುವ ಕಾರ್ಖಾನೆ. ಪೈಪು ಒಡೆದು ನೀರು ನುಗ್ಗಿ ನೂಲು ಹಾಳಾಗಿದೆ ಎಂದು ಅವರ ಅರ್ಜಿ. ನೋಡಿದರೆ ನೂಲಿನ ತುಂಬ ಹಲ್ಲಿನ ಗುರುತು. "ಇದು ಇಲಿಯ ಕೆಲಸ ಮನುಭಾಯಿ, ನೀರಿನದ್ದಲ್ಲ" ಎಂದು ನಾನು ಗಂಭೀರವಾಗಿ ಹೇಳುತ್ತಿದ್ದಂತೆ ಜೇಬಿನೊಳಗಿಂದ 'ಚೀಂ' ಎಂಬ ಸದ್ದು ಬಂತು. ಹಾಲಿನ ಹೊತ್ತಾಗಿತ್ತು. ಮನುಭಾಯಿ ನನ್ನ ಜೇಬನ್ನೂ ನನ್ನ ಮುಖವನ್ನೂ ನೋಡಿ, "ಸಾಹೇಬ್, ನನ್ನ ಗೋದಾಮಿನಲ್ಲಿ ಇಲಿ ಇರಲೇ ಇಲ್ಲ. ಈಗಷ್ಟೇ ಬಂದಿದೆ" ಎಂದರು.

ವಿಷಯ ತಿಳಿದ ಮೇಲೆ ಆ ಮನುಷ್ಯನಿಗೆ ಅರ್ಜಿಯೇ ಮರೆತುಹೋಯಿತು. ನಮ್ಮನ್ನು ಮೇಲೆ ಕರೆದೊಯ್ದು, ಬಿಳಿ ಕಾಗದದ ಮೇಲೆ ಬೆಳಕು ಬೀಳುವ ಮೇಜಿನಲ್ಲಿ ಪೆಂಡಿಂಗ್‌ನನ್ನು ಮಲಗಿಸಿ, ವಜ್ರ ನೋಡುವ ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಬಗ್ಗಿದರು. ಮಾಲಿನಲ್ಲಿ ದೋಷ ಹುಡುಕುವ ಅಭ್ಯಾಸ ನೋಡಿ, ಬಾಯಿಯಿಂದ ಬಾಲದವರೆಗೆ ಅಂಗುಲ ಅಂಗುಲ ನೋಡಿದರು. "ಬೆನ್ನಿನ ಮೇಲೆ ಗೆರೆ ಇವೆ, ಸಾಹೇಬ್!" ಎಂದರು. ನನ್ನ ಜೀವ ಹೂವಾಯಿತು. ಗೆರೆ ಎಂದರೆ ಅಳಿಲೇ! "ಎಷ್ಟು?" ಎಂದೆ. "ಐದು" ಎಂದರು. ನಾನೂ ಇಣುಕಿದೆ. ಕೂದಲು ಮೂಡದ ಚರ್ಮದ ಮೇಲೆ ಮಸುಕಾಗಿ, ನಡುವೆ ಮೂರು, ಪಕ್ಕಕ್ಕೆ ಒಂದೊಂದು.

ಓದುಗರೇ, ಅಳಿಲಿಗೆ ಎಷ್ಟು ಗೆರೆ ಎಂದು ಕನ್ನಡದ ಯಾವ ಮಗುವನ್ನಾದರೂ ಕೇಳಿ ನೋಡಿ. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲನ್ನು ಮೆಚ್ಚಿ ದೇವರು ಮೂರು ಬೆರಳಿನಿಂದ ಬೆನ್ನು ಸವರಿದ, ಅದಕ್ಕೇ ಮೂರು ಗೆರೆ. ತುಮಕೂರಿನಲ್ಲಿ ನಮ್ಮಜ್ಜಿ ಈ ಕತೆ ಹೇಳುವಾಗ ನನ್ನ ಬೆನ್ನ ಮೇಲೆ ಮೂರು ಬೆರಳು ಎಳೆದೇ ತೋರಿಸುತ್ತಿದ್ದರು. ಅಜ್ಜಿಯ ಬೆರಳಿನ ಲೆಕ್ಕ ತಪ್ಪುವುದುಂಟೇ? ಐದು ಗೆರೆ ಎಂದ ಮೇಲೆ ಇದು ಅಳಿಲಲ್ಲ, ಯಾವುದೋ ಪಟ್ಟೆ ಇಲಿ ಎಂದು ನಾನು ನಿಶ್ಚಯಿಸಿಬಿಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ಸಂಕಟವಾಯಿತು. ಜೇಬಿನಲ್ಲಿ ಅದು ನಂಬಿಕೊಂಡು ಮಲಗಿತ್ತು. "ಏನ್ರೀ, ಗೊತ್ತಾತೇನು?" ಎಂದು ಶೈಲಜಾ ಬಾಗಿಲಲ್ಲೇ ಕೇಳಿದಾಗ, "ಇನ್ನೂ ಪರಿಶೀಲನೆಯಲ್ಲಿದೆ" ಎಂದು ನೋಟ ತಪ್ಪಿಸಿ ಬಚ್ಚಲಿಗೆ ಹೋದೆ.

ಅಂದಿನಿಂದ ನನ್ನ ಪಾಡು ಯಾರಿಗೂ ಬೇಡ. ಹೆಂಡತಿ ಹತ್ತಿರ ಬಂದರೆ ಸಾಕು, ಮರಿಗೆ ಚಳಿಯೆಂದು ಬಟ್ಟೆ ಹೊದಿಸುತ್ತಿದ್ದೆ. ಸೂರತ್ತಿನಲ್ಲಿ ಆಗ ಹಗಲು ಹೊತ್ತು ನೆಲದ ಮೇಲೆ ಕಾಲಿಡಲಾಗದಷ್ಟು ಕಾವು. ಈ ನಡುವೆ ಒಂದು ಬೆಳಿಗ್ಗೆ ಪೆಂಡಿಂಗ್ ಹಾಲು ಮುಟ್ಟಲಿಲ್ಲ. ಹೊಟ್ಟೆ ಉಬ್ಬಿ, ಮೈ ತಣ್ಣಗಾಗಿ, ಕೈಯಲ್ಲಿ ಹಿಡಿದರೆ ಸುಮ್ಮನೆ ಒರಗಿತು. ಶೈಲಜಾ ಶಾಲೆಗೆ ರಜೆ ಹೇಳಿ, ಕಾರ್ಯಕರ್ತೆಗೆ ಫೋನ್ ಮಾಡಿ, ಬಿಸಿ ಬಟ್ಟೆಯಲ್ಲಿ ಅದನ್ನು ಸುತ್ತಿ ಒಂದು ಬೆರಳಿನಿಂದ ಹೊಟ್ಟೆ ಉಜ್ಜುತ್ತ ಕೂತಳು. ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. "ತಡಿಯವ್ವಾ, ಹಂಗ ಹೋಗಬ್ಯಾಡ" ಎಂದು ಅವಳು ಮೆಲ್ಲಗೆ ಹೇಳುವುದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಸಂಜೆಯ ಹೊತ್ತಿಗೆ ಅದು ಬಾಯಿ ತೆರೆದು ಸಿರಿಂಜಿನ ತುದಿ ಕಚ್ಚಿತು. ನನಗೆ ಅಳು ಬಂತು. ಕಣ್ಣಿಗೆ ಸಾಬೂನು ಬಿತ್ತು ಎಂದು ಹೇಳಿದೆ, ಕೈಯಲ್ಲಿ ಸಾಬೂನು ಇರಲಿಲ್ಲ.

ಕೂದಲು ಮೂಡಿ, ಕಣ್ಣು ತೆರೆದು, ಅದು ಸೋಫಾದ ಮೇಲೆಲ್ಲ ಓಡಾಡತೊಡಗಿದ ಮೇಲೆ ಮುಚ್ಚಿಡುವುದು ಅಸಾಧ್ಯವಾಯಿತು. ಒಂದು ಭಾನುವಾರ ತಿಂಡಿ ತಿನ್ನುವಾಗ ಗಟ್ಟಿ ಮನಸ್ಸು ಮಾಡಿ ಹೇಳಿಬಿಟ್ಟೆ: "ಶೈಲಾ, ಅದಕ್ಕೆ ಐದು ಗೆರೆ. ಅದು ಅಳಿಲಲ್ಲ."

"ಗೊತ್ತದ ನನಗ," ಎಂದಳು. "ಹೊಟ್ಟಿ ಉಬ್ಬಿದಾಗಽ ಎಣಿಸೇನಿ."

"ಮತ್ತೆ ಹೇಳಲೇ ಇಲ್ಲ?"

"ಹೇಳಿದ್ರ ನೀವು ಇಲಿ ಅಂತ ಬರದು ಕೈ ತೊಳ್ಕೋತೀರಿ, ನಿಮ್ಮನ್ನ ನಾ ಕಾಣದವಳೇನು?" ಎಂದು ಇಡ್ಲಿ ಮುರಿದಳು. "ನಮ್ಮ ಕಡೆ ದೇವರು ಮೂರು ಬೆರಳಿಲೆ ಸವರ್ಯಾನ, ಇಲ್ಲೆ ಐದೂ ಬೆರಳಿಲೆ ಸವರ್ಯಾನ. ಅವನ ಕೈ, ಅವನ ಇಚ್ಛಾ. ಅಳಿಲಽ ಅದು."

ಮಗಳು ನಮ್ಮಿಬ್ಬರನ್ನೂ ಬಾಯಿ ಬಿಟ್ಟುಕೊಂಡು ನೋಡಿದಳು. ಆಮೇಲೆ ಇಬ್ಬರ ಕೈಹಿಡಿದು ಬಾಲ್ಕನಿಗೆ ಎಳೆದೊಯ್ದಳು. ಎದುರಿನ ಬೇವಿನ ಮರದಲ್ಲಿ ಅಳಿಲುಗಳು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. "ಪಪ್ಪಾ, ಎಣಿಸಿ. ಇಲ್ಲಿ ಎಲ್ಲ ಖಿಸ್ಕೋಲಿಗೂ ಫೈವ್ ಇದೆ. ನಿಮ್ಮ ಊರಿನಲ್ಲಿ ಮಾತ್ರ ಥ್ರೀ. ನೀವು ಕಭೀ ನೋಡಿಲ್ಲವಾ?" ಎಂದಳು. ಎಣಿಸಿದೆ. ಐದೇ. ಹುಟ್ಟಿದಂದಿನಿಂದ ಅವಳು ಐದನ್ನೇ ನೋಡಿ ಬೆಳೆದಿದ್ದಳು. ನಾವು ಇಷ್ಟು ವರ್ಷ ಅದೇ ಬಾಲ್ಕನಿಯಲ್ಲಿ ನಿಂತು ಚಹಾ ಕುಡಿಯುತ್ತ, ಅದೇ ಮರದಲ್ಲಿ ಮೂರು ಗೆರೆಯ ಅಳಿಲುಗಳನ್ನು ನೋಡುತ್ತಿದ್ದೆವು. ಹಂಸಾಬೆನ್‌ಗೆ ಸುದ್ದಿ ಹೇಳಿದಾಗ, "ಖಿಸ್ಕೋಲಿ? ಅಚ್ಛಾ" ಎಂದು ಆಡಿನ ಹಾಲಿನ ಲೋಟ ಕೊಟ್ಟು ಹೋದರು.

ಕಾಡಿನ ಜೀವವನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ. ಅದು ಕಡಲೆಕಾಯಿ ತಾನೇ ಒಡೆಯಲು ಕಲಿತ ಮೇಲೆ, ಕಾರ್ಯಕರ್ತೆ ಹೇಳಿದಂತೆ ಬಾಲ್ಕನಿಯಲ್ಲಿ ಒಂದು ಪಂಜರದಲ್ಲಿಟ್ಟು ಅದರ ಬಾಗಿಲು ತೆರೆದಿಟ್ಟೆವು. ಕೆಲವು ದಿನ ಹೊರಗೆ ಹೋಗಿ ಒಳಗೆ ಬಂತು. ಆಮೇಲೆ ಬರಲಿಲ್ಲ. ಮನೆ ಬಿಕೋ ಎಂದಿತು. ಶೈಲಜಾ ಮರದ ಒಂದು ಅಳಿಲನ್ನು ತೋರಿಸಿ "ಅದಽ ನಮ್ಮದು" ಎನ್ನುತ್ತಾಳೆ, ಮಗಳು ಇನ್ನೊಂದನ್ನು ತೋರಿಸುತ್ತಾಳೆ. ನನಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಮೊನ್ನೆ ಬೆಳಿಗ್ಗೆ ಒಂದು ಅಳಿಲು ಬಾಲ್ಕನಿಯ ಕಟಕಟೆಯ ಮೇಲೆ ಬಂದು ಕೂತು ನನ್ನನ್ನೇ ನೋಡಿತು. ಅದೇ ಕತ್ತಿನ ಓರೆ, ಅದೇ ಐದು ಗೆರೆ. ನಾನು ಮೆಲ್ಲಗೆ ಮಂಡಿಯೂರಿ, ಅಂಗಿಯ ಜೇಬನ್ನು ಎರಡು ಬೆರಳಿನಿಂದ ಅಗಲಿಸಿ ಹಿಡಿದು "ಬಾ ಪೆಂಡಿಂಗ್" ಎಂದೆ. ಎಷ್ಟು ಹೊತ್ತು ಹಾಗಿದ್ದೆನೋ, ಎದುರು ಕಟ್ಟಡದಲ್ಲಿ ಬಟ್ಟೆ ಒಣಹಾಕುತ್ತಿದ್ದವರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು. ಅದು ನಮ್ಮದೇ ಎಂದು ನಾನು ಎಲ್ಲಿ ಬೇಕಾದರೂ ಸಹಿ ಹಾಕಿ ಕೊಡುತ್ತಿದ್ದೆ. ಅಳಿಲು ನನ್ನ ಜೇಬನ್ನು ನೋಡಿತು, ನನ್ನ ಮುಖವನ್ನು ನೋಡಿತು, ಇದು ಯಾವ ಪ್ರಾಣಿಯೋ ಎಂಬಂತೆ ಒಮ್ಮೆ ಕಿಚಗುಟ್ಟಿ ಮರಕ್ಕೆ ಹಾರಿತು.