ತಾತನ ಕಿಲ್ಟು ಉಂಡ ನುಸಿಯವರ ಸನ್ನಿಧಾನಕ್ಕೆ

ಶ್ರೀಮಾನ್ ನುಸಿ ಮಹಾಶಯರು ಮತ್ತು ಕುಟುಂಬ ವರ್ಗದವರಿಗೆ,
ಓಕ್ ಮರದ ಪೆಟ್ಟಿಗೆಯ ಒಳಮೂಲೆ, ಮಹಡಿಯ ಕೋಣೆ,
ಮ್ಯಾಕಾಸ್ಕಿಲ್ ಅವರ ಮನೆ, ಪೋರ್ಟ್ ಆರ್ಡನ್, ಸ್ಕೈ ದ್ವೀಪ.

ಮಾನ್ಯರೇ,

ಈ ದ್ವೀಪದ ಸಮಸ್ತ ಉಣ್ಣೆ ಬಟ್ಟೆಗಳ ಪರವಾಗಿಯೂ, ಅವುಗಳಲ್ಲಿ ಇನ್ನೂ ತಮ್ಮ ಕಣ್ಣಿಗೆ ಬೀಳದೆ ಉಳಿದಿರುವ ನನ್ನೊಂದು ಶಾಲಿನ ಪರವಾಗಿಯೂ ತಮಗೆ ಅನಂತ ವಂದನೆಗಳು. ತಾವೂ ತಮ್ಮ ಮಕ್ಕಳೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ನಂಬಿಕೆ ಬರಿಯ ಬಾಯಿಮಾತಿನದಲ್ಲ. ನಮ್ಮ ಯಜಮಾನರಾದ ಫಾರ್ಕರ್ ಅವರ ತಾತನ ಕಿಲ್ಟನ್ನು, ಅಂದರೆ ನಮ್ಮ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಮೊಣಕಾಲುದ್ದದ ಉಣ್ಣೆಯ ನೆರಿಗೆ ಲಂಗವನ್ನು, ಮಗಳ ಮದುವೆಯ ಹಿಂದಿನ ಮಧ್ಯಾಹ್ನ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಅದರ ಮೂಲಕ ನನಗೆ ಬಂದರಿನಲ್ಲಿ ಕಟ್ಟಿದ್ದ ದೋಣಿಗಳೂ, ಅವುಗಳ ಮೇಲೆ ಕೂತಿದ್ದ ಕಡಲಹಕ್ಕಿಗಳೂ ಸ್ಪಷ್ಟವಾಗಿ ಕಂಡವು. ಇಷ್ಟು ಚೆನ್ನಾಗಿ ಉಂಡವರು ಕ್ಷೇಮವಾಗಿಲ್ಲದೆ ಇನ್ನೇನು?

ತಮ್ಮ ಮೇಲೆ ಯಾವ ಆರೋಪವನ್ನೂ ಹೊರಿಸಲು ಈ ಪತ್ರ ಬರೆಯುತ್ತಿಲ್ಲ. ರೆಕ್ಕೆ ಬಂದ ಮೇಲೆ ತಾವು ಬಾಯಿಗೆ ಏನನ್ನೂ ಮುಟ್ಟಿಸುವುದಿಲ್ಲವೆಂದೂ, ತಿನ್ನುವುದೆಲ್ಲ ತಮ್ಮ ಎಳೆಯ ಮಕ್ಕಳೇ ಎಂದೂ ಗ್ರಂಥಾಲಯದ ಹುಡುಗಿ ಹುಳುಗಳ ಪುಸ್ತಕ ತೆಗೆದು ನನಗೆ ಓದಿ ಹೇಳಿದಳು. ಮನೆಯಲ್ಲಿ ಏನು ಮುರಿದರೂ ಮಕ್ಕಳ ತಲೆಯ ಮೇಲೆ ಹಾಕುವ ದೊಡ್ಡವರನ್ನು ನಾನೂ ಬೇಕಾದಷ್ಟು ಕಂಡಿದ್ದೇನೆ, ಆದ್ದರಿಂದ ತಮ್ಮ ಈ ವಿವರಣೆಯನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ತಮ್ಮ ಮಕ್ಕಳ ರುಚಿಯನ್ನಂತೂ ಮೆಚ್ಚಲೇಬೇಕು. ಅದೇ ಪೆಟ್ಟಿಗೆಯಲ್ಲಿ ನನ್ನ ನಾದಿನಿ ಹೆಣೆದುಕೊಟ್ಟ, ಯಾರೂ ತೊಡಲಾರದ ಹಳದಿ ಸ್ವೆಟರ್ ಇತ್ತು. ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ಕಿಲ್ಟಿನಲ್ಲಿಯೂ ಹಿಂಬದಿಯ ನೆರಿಗೆಗಳಿಗೆ ಹೋಗದೆ, ಎಲ್ಲರ ಕಣ್ಣಿಗೂ ಬೀಳುವ ಮುಂಬದಿಗೆ, ಅದೂ ಬಲತೊಡೆಯ ಮೇಲೆ ಬರುವ ಜಾಗಕ್ಕೇ ನೇರವಾಗಿ ಬಂದು, ಒಂದರ ಮೇಲೊಂದು ಬರುವ ಎರಡು ಪದರಗಳನ್ನೂ ಕೊರೆದು, ಆಲೂಗಡ್ಡೆಯೊಂದು ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಉರುಳಿ ಬರುವಷ್ಟು ದೊಡ್ಡ ತೂತು ಮಾಡಿದ್ದಾರೆ. ಸೊಂಟದಿಂದ ಮುಂದಕ್ಕೆ ತೂಗುಬಿಡುವ ತೊಗಲಿನ ಚೀಲವನ್ನು, ಅಂದರೆ ಸ್ಪೊರನ್ನನ್ನು, ಎಷ್ಟು ಎಳೆದರೂ ಅಲ್ಲಿಗೆ ಮುಟ್ಟುವುದಿಲ್ಲ. ಈ ದ್ವೀಪಕ್ಕೆ ಬಂದವರೆಲ್ಲ ನಮ್ಮ ಗಂಡಸರನ್ನು ಕಂಡೊಡನೆ ಕಿಲ್ಟಿನ ಒಳಗೇನಿದೆ ಎಂದು ಕೇಳಿ ಕಿಸಿಕಿಸಿ ನಗುತ್ತಾರೆ. ಆ ಪ್ರಶ್ನೆಯನ್ನು ಕೇಳದೆ ತಮ್ಮ ಪಾಡಿಗೆ ತಾವು ಉಂಡು ಹೋದ ಏಕೈಕ ಅತಿಥಿಗಳು ತಾವು ಎಂಬುದನ್ನೂ ಕೃತಜ್ಞತೆಯಿಂದ ನೆನೆಯುತ್ತೇನೆ.

ಆ ಜಾಗವೇ ಏಕೆ ಎಂಬುದು ನನಗೆ ಗೊತ್ತು. ಫಾರ್ಕರ್ ಅವರ ತಾತ ತಮ್ಮ ಮದುವೆಯ ಊಟದಲ್ಲಿ ಕುರಿಮಾಂಸದ ಸಾರಿನ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಪಿಟೀಲಿನವರು ಕುಣಿತದ ರಾಗ ಎತ್ತಿದರಂತೆ, ಇವರು ಬಟ್ಟಲನ್ನು ಮರೆತು ಎದ್ದರಂತೆ. ಅಂದು ಬಲತೊಡೆಯ ಮೇಲೆ ಬಿದ್ದ ಕಲೆ ತಾವು ಉಣ್ಣುವವರೆಗೂ ಇತ್ತು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಅದನ್ನು ತಣ್ಣೀರಿನಲ್ಲಿ ಅದ್ದಿ ತೆಗೆಯಲು ಹೊರಟಾಗ ಫಾರ್ಕರ್ ಅವರು ಬಾಲ್ದಿಗೆ ಅಡ್ಡ ನಿಂತು, ಅದು ಕಲೆಯಲ್ಲ, ಪರಂಪರೆ ಎಂದು ಹೇಳಿದರು. ಸಾರು ಹೇಗೆ ಪರಂಪರೆಯಾಗುತ್ತದೆ ಎಂದು ಕೇಳಿದ್ದಕ್ಕೆ ಎರಡು ಹೊತ್ತು ಊಟ ಬಿಟ್ಟರು. ಅಂದಿನಿಂದ ಆ ಕಿಲ್ಟನ್ನು ಒಗೆಯುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ, ಮದುವೆ ಮತ್ತು ಸಾವಿಗಲ್ಲದೆ ಉಡುವಂತಿಲ್ಲ. ಕತ್ತಲ ಪೆಟ್ಟಿಗೆಯಲ್ಲಿ ಸಾರಿನ ವಾಸನೆಯೊಂದಿಗೆ ಅದು ಭದ್ರವಾಗಿ ಮಲಗಿತ್ತು. ತಮ್ಮನ್ನು ಹೀಗೆ ಎಲೆ ಹಾಕಿ ಊಟಕ್ಕೆ ಕರೆದವರು ನಾವೇ ಆದ್ದರಿಂದ, ಉಂಡ ಮನೆಗೆ ಎರಡು ಬಗೆದಿರಿ ಎಂದು ತಮ್ಮನ್ನು ದೂರಲು ನನಗೆ ಬಾಯಿಲ್ಲ.

ದೂರು ಇರುವುದು ತಾವು ಆರಿಸಿಕೊಂಡ ಮುಹೂರ್ತದ ಬಗ್ಗೆ ಮಾತ್ರ. ನಮ್ಮ ಒಬ್ಬಳೇ ಮಗಳು ಊನಾ. ಅವಳು ತೊಟ್ಟಿಲಲ್ಲಿದ್ದಾಗಲೇ ಅವಳಪ್ಪ, ನಿನ್ನನ್ನು ಚರ್ಚಿನೊಳಗೆ ನಡೆಸಿಕೊಂಡು ಹೋಗುವ ದಿನ ತಾತನ ಕಿಲ್ಟು ಉಡುತ್ತೇನೆಂದು ಮಾತು ಕೊಟ್ಟಿದ್ದರು; ತೊಟ್ಟಿಲಲ್ಲಿದ್ದವಳು ಅದನ್ನು ಕೇಳಲಿಲ್ಲವಾದರೂ ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಕೇಳಿದ್ದಾಳೆ. ತೂತು ಕಂಡ ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಏನಾಯಿತೆಂದು ಪೆಟ್ಟಿಗೆಯೊಳಗಿದ್ದ ತಮಗೆ ಕೇಳಿಸಿರಲಾರದು. ಕಿಲ್ಟು ಹೊಲಿಯುವಾತನಿಗೆ ಫೋನ್ ಮಾಡಿದರೆ, ನಮ್ಮ ಮನೆತನದ ಬಣ್ಣದ ಚೌಕಳಿ ನೇಯುತ್ತಿದ್ದ ಗಿರಣಿ ಎಂದೋ ಮುಚ್ಚಿದೆಯೆಂದೂ, ಬೇರೆ ನೇಯಿಸಬೇಕಾದರೆ ಮುಂದಿನ ವಸಂತಕ್ಕೆ ಬನ್ನಿ ಎಂದೂ ಹೇಳಿದ. ನನ್ನ ಅಣ್ಣ ಬಾಡಿಗೆಗೆ ಒಂದನ್ನು ತರಿಸೋಣವೆಂದ. ಅದಕ್ಕೆ ಫಾರ್ಕರ್ ಅವರು ಕೊಟ್ಟ ಉತ್ತರ ಬೀದಿಯ ಆ ಕೊನೆಯ ಮೀನಿನ ಅಂಗಡಿಯವರೆಗೂ ಕೇಳಿಸಿತು.

"ಬಾಡಿಗೆ ಕಿಲ್ಟು ಉಟ್ಕೊಂಡು ಮಗಳನ್ನ ಕೊಡೋದಾದ್ರೆ, ಬಾಡಿಗೆಗೆ ಒಬ್ಬ ಅಪ್ಪನ್ನೂ ತಂದ್ಬಿಡಿ. ನಾನು ಮನೇಲಿ ಕೂತಿರ್ತೀನಿ."

ಮನೆಯಲ್ಲಿ ಕೂತಿರುತ್ತೇನೆಂದು ಅವರು ಹೇಳಿದರೆ ಕೂತೇ ಇರುವವರು. ಹಿಂದೊಮ್ಮೆ ಕುದುರೆಗಾಡಿಯವನೊಂದಿಗೆ ಜಗಳವಾಗಿ ಸ್ವಂತ ತಮ್ಮನ ಮದುವೆಗೂ ಹೋಗದೆ ಹಿತ್ತಲಿನಲ್ಲಿ ಬಲೆ ಹೆಣೆಯುತ್ತ ಕೂತವರು. ಇದು ಊನಾಗೂ ಗೊತ್ತು. ಅವಳು ತಲೆಗೂದಲಿಗೆ ಸುತ್ತಿದ್ದ ಸುರುಳಿಗಳೊಂದಿಗೇ ಮೆಟ್ಟಿಲಿಳಿದು ಬಂದು, ಅಪ್ಪನ ಎದುರು ನೆಲದ ಮೇಲೆ ಕೂತು, ಜೋರಾಗಿ ಅಳದೆ, ಅಳುವುದಕ್ಕಿಂತ ಕೆಟ್ಟದಾದ ಮೆಲುದನಿಯಲ್ಲಿ ಹೇಳಿದಳು.

"ನೀನು ಬರ್ದೇ ಇದ್ರೆ ನಾನೂ ಒಳಗೆ ಹೋಗಲ್ಲ ಅಪ್ಪಾ. ಬಾಗಿಲ ಹತ್ರಾನೇ ನಿಂತಿರ್ತೀನಿ. ಎಷ್ಟೊತ್ತಾದ್ರೂ ಸರಿ."

ಮೊಂಡುತನವೂ ಪರಂಪರೆಯೇ, ಅದಕ್ಕೆ ಮಾತ್ರ ನುಸಿ ಹಿಡಿಯುವುದಿಲ್ಲವಲ್ಲ ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಮಾನ್ಯರೇ, ಆ ಗಳಿಗೆಯಲ್ಲಿ ತಾವು ನನ್ನ ಕೈಗೆ ಸಿಕ್ಕಿದ್ದರೆ ಈ ಪತ್ರ ಇಷ್ಟು ಮರ್ಯಾದೆಯಿಂದ ಕೂಡಿರುತ್ತಿರಲಿಲ್ಲ.

ಅಷ್ಟರಲ್ಲಿ ಸ್ನಾನದ ಕೋಣೆಯ ನಲ್ಲಿ ರಿಪೇರಿ ಮಾಡುತ್ತಿದ್ದ ಮದುವೆ ಗಂಡು ಕೈ ಒರೆಸಿಕೊಳ್ಳುತ್ತ ಬಂದ. ಹೆಸರು ಸ್ಟ್ರೂವನ್, ಡಂಡೀ ಪಟ್ಟಣದವನು, ಕೊಳಾಯಿ ಕೆಲಸದವನು; ಮದುವೆಯ ಹಿಂದಿನ ದಿನವೂ ಸೋರುವ ನಲ್ಲಿ ಕಂಡರೆ ಸುಮ್ಮನಿರಲಾರ. ಅವನ ಬಗ್ಗೆ ಫಾರ್ಕರ್ ಅವರಿಗಿದ್ದ ತಕರಾರು ಒಂದೇ, ಅವನೂ ಕಿಲ್ಟು ಉಡುತ್ತಾನೆ ಎಂಬುದು. ಅದೂ ವಾರದ ಎಲ್ಲ ದಿನ, ಕೆಲಸಕ್ಕೆ, ಅಂಗಡಿಗೆ, ಮೀನು ಹಿಡಿಯಲು. ಚೌಕಳಿಯೂ ಇಲ್ಲ, ಮನೆತನವೂ ಇಲ್ಲ, ಕಪ್ಪು ಗಟ್ಟಿಬಟ್ಟೆಯ ಕಿಲ್ಟು, ಎರಡು ಬದಿಗೂ ಗುಂಡಿ ಹಾಕಿದ ದೊಡ್ಡ ಜೇಬು. ಮೊದಲ ಸಲ ಅವನನ್ನು ಕಂಡ ದಿನ ನಮ್ಮ ಯಜಮಾನರು, ಸ್ಪೊರನ್ ಇರುವಾಗ ಜೇಬೇಕೆ, ಹಸುವಿಗೆ ಎರಡು ಬಾಲವೇ ಎಂದು ಕೇಳಿದ್ದರು. ಹುಡುಗ ನಕ್ಕು, ನನಗೆ ಹಿತವಾಗಿದೆ ಮಾವ, ಅದಕ್ಕೇ ಉಡುತ್ತೇನೆ ಎಂದಷ್ಟೇ ಹೇಳಿದ್ದ. ಹಿತವಾಗಿದೆ ಎಂಬುದೂ ಒಂದು ಕಾರಣವೇ ಎಂದು ಇವರು ಒಂದು ತಿಂಗಳು ನನ್ನ ತಲೆ ತಿಂದರು.

ಅವನು ತೂತನ್ನು ನೋಡಿದ, ಊನಾಳನ್ನು ನೋಡಿದ. ನಂತರ ಮೆಟ್ಟಿಲ ಮೇಲೆ ಕೂತು, ಸೊಂಟದಿಂದ ಚಾಕು ತೆಗೆದು, ತಾನು ಉಟ್ಟಿದ್ದ ಕಿಲ್ಟಿನ ಬಲಜೇಬನ್ನು, ಹಿಂಬದಿಯ ಬಟ್ಟೆಯೂ ಸೇರಿ ಇಡೀ ಚೀಲವನ್ನೇ, ಹೊಲಿಗೆಯ ಗುಂಟ ಬಿಡಿಸಿ ನನ್ನ ಕೈಯಲ್ಲಿಟ್ಟ. ಅಳತೆ ನೋಡಿದರೆ ತೂತಿಗೆ ಸರಿಯಾಗಿತ್ತು. ಫಾರ್ಕರ್ ಅವರ ಮುಖ ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿತು. ತಾತನ ಕಿಲ್ಟಿಗೆ ಜೇಬೇ ಎಂದು ಕೂಗಿದರು.

"ಮಾವ, ತಾತ ಅವ್ರ ಮದುವೇಲಿ ಇದರ ಮೇಲೆ ಸಾರು ಚೆಲ್ಲಿದ್ರು" ಎಂದ ಸ್ಟ್ರೂವನ್. "ನಾನು ನನ್ ಮದುವೇಲಿ ಜೇಬು ಚೆಲ್ದೆ ಅಂದ್ಕೊಳ್ಳಿ."

ನಮ್ಮ ಯಜಮಾನರು ಆ ಜೇಬನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುವಿ ನೋಡಿ, ಒಳಗೆ ಬೆರಳು ಹಾಕಿ, ಒಂದು ಸಣ್ಣ ತಿರುಪುಮೊಳೆ ಹೊರತೆಗೆದು ಅಳಿಯನಿಗೆ ಹಿಂತಿರುಗಿಸಿದರು. ಆಮೇಲೆ, ಗುಂಡಿ ಗಟ್ಟಿಯಾಗಿದೆಯೇ ಎಂದು ಕೇಳಿದರು. ನಾನು ಸೂಜಿ ಹುಡುಕಲು ಓಡಿದೆ.

ಮರುದಿನ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ಟಾರ್ಕ್ವಿಲ್ ನಿಂತಿದ್ದರು. ನಮ್ಮ ಊರಿನಲ್ಲಿ ಯಾರ ಕಾಲುಚೀಲ ಎಷ್ಟು ಬೆರಳು ಕೆಳಗಿರಬೇಕು, ಕಿಲ್ಟಿನ ಪಿನ್ನು ಮೇಲಿನ ಪದರಕ್ಕಷ್ಟೇ ಚುಚ್ಚಿದೆಯೇ ಎಂಬುದನ್ನೆಲ್ಲ ನೋಡಿ ಹೇಳುವ ಕೆಲಸವನ್ನು ಯಾರೂ ಅವರಿಗೆ ವಹಿಸಿಲ್ಲ, ಆದರೂ ಅವರು ಮಾಡಿಕೊಂಡು ಬಂದಿದ್ದಾರೆ. ಅವರ ಕಣ್ಣು ಫಾರ್ಕರ್ ಅವರ ಮೊಣಕಾಲಿನಿಂದ ಮೇಲೆ ಹತ್ತುತ್ತ ಹೋಗಿ ಕಪ್ಪು ಜೇಬಿನ ಮೇಲೆ ನಿಂತುಬಿಟ್ಟಿತು. ಇದೇನಿದು ಎಂದು ಕೇಳಿದರು. ಹಿಂದಿದ್ದ ಜನವೆಲ್ಲ ಕತ್ತು ಚಾಚಿತು, ಊನಾ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದಳು. ಇನ್ನು ತಿರುಗಿ ಮನೆಗೆ ಹೊರಟೇಬಿಡುತ್ತಾರೆಂದು ನಾನು ಹಿಂದಿನ ದಾರಿಗೆ ಅಡ್ಡ ನಿಂತೆ.

"ನಮ್ಮನೇಲಿ ಮಗಳನ್ನ ಕೊಡೋ ಅಪ್ಪಂಗೆ ಜೇಬಿರುತ್ತೆ" ಎಂದರು ನಮ್ಮ ಯಜಮಾನರು, ಕಣ್ಣು ಮಿಟುಕಿಸದೆ. "ಹಳೇ ಪದ್ಧತಿ. ನಿಂಗೊತ್ತಿಲ್ವಾ?"

ಟಾರ್ಕ್ವಿಲ್ ಜೇಬನ್ನು ಇನ್ನೊಮ್ಮೆ ನೋಡಿ, "ಗೊತ್ತಿತ್ತು, ಮರ್ತಿದ್ದೆ" ಎಂದು ದಾರಿ ಬಿಟ್ಟರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಅಂದು ಇಬ್ಬರು ಜಟ್ಟಿಗಳ ಮೀಸೆಯೂ ಒಂದೇ ಏಟಿಗೆ ಉಳಿಯಿತು.

ಮಾನ್ಯರೇ, ನಾನು ಈ ಪತ್ರ ಬರೆಯಲು ಕೂತದ್ದು ಆಮೇಲೆ ನಡೆದುದಕ್ಕಾಗಿ. ಪಾದ್ರಿಗಳು ಈ ಹೆಣ್ಣನ್ನು ಧಾರೆಯೆರೆಯುವವರು ಯಾರು ಎಂದು ಕೇಳಿದಾಗ, ಗಾಳಿಮಳೆಗೆ ದೋಣಿ ಮಗುಚಿದ ದಿನವೂ ಕಣ್ಣು ಒದ್ದೆ ಮಾಡಿಕೊಳ್ಳದ ಫಾರ್ಕರ್ ಅವರ ಮೂಗಿನ ತುದಿಯಿಂದ ನೀರು ತೊಟ್ಟಿಕ್ಕತೊಡಗಿತು. ಸ್ಪೊರನ್ನಿನಿಂದ ಕರವಸ್ತ್ರ ತೆಗೆಯಲು ಎರಡು ಕೈಯೂ ಬೇಕು, ಒಂದು ಮುಚ್ಚಳ ಎತ್ತಲು, ಒಂದು ಒಳಗೆ ತಡಕಾಡಲು. ಅವರ ಎಡಗೈ ಮಗಳ ಕೈಯಲ್ಲಿತ್ತು. ಅವರು ಬಲಗೈಯನ್ನು ಮೆಲ್ಲನೆ ಇಳಿಬಿಟ್ಟು, ಜೇಬಿನ ಗುಂಡಿ ಬಿಚ್ಚಿ, ಕರವಸ್ತ್ರ ತೆಗೆದು ಮುಖ ಒರೆಸಿಕೊಂಡು, ನಾನು ಎಂದು ಹೇಳಿದರು. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೂ ಅವರು ಅವಳ ಕೈ ಬಿಡಲಿಲ್ಲ. ಅಳಿಯ ಪಕ್ಕದಲ್ಲಿ ಒಂದೇ ಜೇಬಿನ ಕಿಲ್ಟು ಉಟ್ಟು ಸುಮ್ಮನೆ ಕಾಯುತ್ತ ನಿಂತಿದ್ದ, ಪಾದ್ರಿಗಳೂ ಕಾದರು, ಇಡೀ ಚರ್ಚು ಕಾಯಿತು. ತಾವು ಆ ತೂತು ಮಾಡದೆ ಹೋಗಿದ್ದರೆ ನನ್ನ ಗಂಡ ಮೂಗು ಒರೆಸಿಕೊಳ್ಳುವುದಕ್ಕಾಗಿ ಮಗಳ ಕೈಯನ್ನು ಒಂದು ಗಳಿಗೆ ಮುಂಚೆಯೇ ಬಿಡಬೇಕಾಗುತ್ತಿತ್ತು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು: ನಮ್ಮ ಪಕ್ಕದ ಮನೆಯವರು ಬೆಳಗಾಗುವ ಮುನ್ನವೇ ಊದಲು ಕೂರುವ ಬ್ಯಾಗ್‌ಪೈಪಿನ ಚೀಲದ ಬಗ್ಗೆ ತಮ್ಮ ಮಕ್ಕಳಿಗೆ ಅಭಿರುಚಿ ಹುಟ್ಟಿಸಬೇಕು. ಮುಂದೆ ಯಾವ ಮನೆಯಲ್ಲಿ ಊಟಕ್ಕಿಳಿಯುವ ಮೊದಲೂ ಆ ಮನೆಯ ಮದುವೆಗಳ ತಾರೀಖನ್ನು ವಿಚಾರಿಸಿಕೊಳ್ಳಬೇಕು. ಕಿಲ್ಟಿನ ಮೇಲೆ ಮಾತ್ರ ಇನ್ನು ಆಸೆ ಇಟ್ಟುಕೊಳ್ಳಬಾರದು, ಏಕೆಂದರೆ ಅದು ಪೆಟ್ಟಿಗೆಗೆ ಮರಳಿಲ್ಲ. ನಮ್ಮ ಯಜಮಾನರು ಅದನ್ನು ಉಟ್ಟುಕೊಂಡು ಬ್ರೆಡ್ಡು ತರಲು ಹೋಗುತ್ತಾರೆ, ಜೇಬಿನಲ್ಲಿ ಕನ್ನಡಕ ಇಟ್ಟುಕೊಳ್ಳುತ್ತಾರೆ, ಏಕೆಂದು ಕೇಳಿದರೆ ಹಿತವಾಗಿದೆ ಎನ್ನುತ್ತಾರೆ. ಕಳೆದ ಭಾನುವಾರ ಟಾರ್ಕ್ವಿಲ್ ಅವರೂ ಜೇಬಿಟ್ಟು ಬಂದಿದ್ದರು. ತಮಗೆ ವಸತಿಯ ತೊಂದರೆ ಆಗದಿರಲೆಂದು ಪೆಟ್ಟಿಗೆಯಲ್ಲಿ ಫಾರ್ಕರ್ ಅವರು ಇನ್ನೆಂದೂ ತೊಡುವುದಿಲ್ಲವೆಂದು ಬಿಟ್ಟುಕೊಟ್ಟ ಕಂದು ಪ್ಯಾಂಟನ್ನು ನೀಟಾಗಿ ಮಡಿಸಿ, ಅದರ ಮೇಲೆ ಒಂದು ಸೌಟು ಸಾರನ್ನೂ ಹಾಕಿ ಇಟ್ಟಿದ್ದೇನೆ. ಮಕ್ಕಳುಮರಿಗಳೊಂದಿಗೆ ದಯಮಾಡಿಸಿ, ಸಂಕೋಚ ಬಿಟ್ಟು ಉಣ್ಣಬೇಕು.

ಇಂತಿ,
ತಮ್ಮ ಋಣ ಎಂದೂ ಮರೆಯದ, ಮರೆಯಲು ತಾವೂ ಬಿಡದ,
ತಮ್ಮ ವಿಶ್ವಾಸಿ,
ಡೋಲಿನಾ ಮ್ಯಾಕಾಸ್ಕಿಲ್

ತಾ. ಕ.: ಪ್ಯಾಂಟು ಅಪ್ಪಟ ಪಾಲಿಯೆಸ್ಟರಿನದು ಎಂಬುದನ್ನು ತಿಳಿಸಲು ಮರೆತೆ. ಎಷ್ಟು ಅಗಿದರೂ ಗಂಟಲಲ್ಲಿ ಇಳಿಯದಿದ್ದರೆ ತಮ್ಮ ಹಲ್ಲಿನ ದೋಷವೆಂದು ನೊಂದುಕೊಳ್ಳಬಾರದು.